ಅಗ್ಗದ ಕೋವಿಯೂ ಬಾಳಿಕೆಯ ಹಂದಿಯೂ

ನಾನು ಜೀವಮಾನದಲ್ಲಿ ಕೋವಿಯಿಂದ ಹೊಡೆದುರುಳಿಸಿದ್ದು ಒಟ್ಟು ಹನ್ನೊಂದು ಮಡಕೆಯ ಮುಚ್ಚಳಗಳನ್ನು. ಅವುಗಳಲ್ಲಿ ಒಂದು ಮೊದಲೇ ಬಿರುಕು ಬಿಟ್ಟಿತ್ತೆಂದು ಎಸೆದವರೇ ಆಮೇಲೆ ಒಪ್ಪಿಕೊಂಡದ್ದರಿಂದ ಹತ್ತು ಎಂದಿಟ್ಟುಕೊಳ್ಳಿ. ಈ ಹತ್ತರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಈ ವಯಸ್ಸಿನಲ್ಲೂ ನನ್ನನ್ನು ಕಾಡುತ್ತಿರುವುದು ನಾನು ಹೊಡೆಯದ, ಹೊಡೆಯಲಾಗದ, ಹುಟ್ಟಿಯೇ ಇರದಿದ್ದ ಒಂದು ಹಂದಿ.

ಐವತ್ತರ ದಶಕದ ಕೊನೆಯ ಮಾತು. ಕೇರಳವೆಂಬ ರಾಜ್ಯ ಆಗಷ್ಟೇ ಹುಟ್ಟಿತ್ತು. ಕಾಸರಗೋಡಿನವನಾದ ನಾನು ನಿಂತಲ್ಲೇ ನಿಂತು ಕೇರಳದವನಾಗಿದ್ದೆ. ಹೈಸ್ಕೂಲು ಮುಗಿಸಿದ ಬಲದ ಮೇಲೆ ಎರ್ನಾಕುಲದ ಒಂದು ಕೇಂದ್ರ ಸರಕಾರದ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಬಾಡಿಗೆ ಮನೆ ಪಾಲಾರಿವಟ್ಟದಲ್ಲಿ. ಆಗ ಅಲ್ಲಿ ಅಂಗಡಿಗಳಿಗಿಂತ ಮರಗೆಣಸಿನ ಗಿಡಗಳೇ ಹೆಚ್ಚು. ನಮ್ಮ ಸೂಪರಿಂಟೆಂಡೆಂಟ್ ಮೇನೋನ್ ಸಾರ್ ಯುದ್ಧಕಾಲದಲ್ಲಿ ಸೈನ್ಯದ ಯಾವುದೋ ಕಚೇರಿಯಲ್ಲಿದ್ದು ಬಂದವರು. ಅಲ್ಲಿಂದ ಅವರು ತಂದದ್ದು ಒಂದು ಮೀಸೆ ಮತ್ತು ಒಂದು ಹುಚ್ಚು. ಮಣ್ಣಿನ ಬಿಲ್ಲೆಯನ್ನು ಆಕಾಶಕ್ಕೆ ಎಸೆದು, ಅದು ನೆಲ ಮುಟ್ಟುವ ಮುಂಚೆ ಕೋವಿಯಿಂದ ಒಡೆಯುವ ಆಟವೇ ಆ ಹುಚ್ಚು. ಪರದೇಶಗಳಲ್ಲಿ ಮೊದಲು ಜೀವಂತ ಪಾರಿವಾಳಗಳನ್ನೇ ಹಾರಿಸಿ ಹೊಡೆಯುತ್ತಿದ್ದರಂತೆ. ಕರುಣೆ ಹುಟ್ಟಿದ ಮೇಲೆ ಮಣ್ಣಿನ ಬಿಲ್ಲೆಗೆ ಇಳಿದರಂತೆ. ಬದನೆಕಾಯಿ ಹೆಚ್ಚುವಾಗಲೂ ಹುಳ ಇದೆಯೇ ಎಂದು ನೋಡುವ ನನ್ನಂಥ ಸಸ್ಯಾಹಾರಿಗೆ ಇದು ಹೇಳಿ ಮಾಡಿಸಿದ ಬೇಟೆ ಎನಿಸಿತು.

ಹೆಂಡತಿ ಶಾರದೆಗೆ ಹಾಗೆ ಅನಿಸಲಿಲ್ಲ. "ನಿಮಗೆ ಎಂತ ಮರುಳಾ? ಗೋಡೆಗೆ ಮೊಳೆ ಹೊಡೀಲಿಕ್ಕೆ ಹೇಳಿದ್ರೆ ಹೆಬ್ಬೆರಳಿಗೆ ಹೊಡ್ಕೊಳ್ಳುವವರು ನೀವು. ಗೋಡೆಯಾದ್ರೆ ನಿಂತಲ್ಲಿ ನಿಲ್ತದೆ ಮಾರಾಯ್ರೆ, ಬಿಲ್ಲೆ ಹಾರ್ತದಲ್ಲ!" ಎಂದಳು.

ಕೋವಿಗೆ ಮೊದಲು ಪರವಾನಗಿ ಬೇಕಿತ್ತು. ಅರ್ಜಿ ತುಂಬಲು ಕುಳಿತವನಿಗೆ ಪಕ್ಕದ ಮೇಜಿನ ನಂಬಿಯಾರ್ ಬುದ್ಧಿ ಹೇಳಿದರು. "ಮಣ್ಣಿನ ಬಿಲ್ಲೆ ಒಡೆಯಲಿಕ್ಕೆ ಅಂತ ಬರೆದರೆ ನಿಮ್ಮನ್ನು ಸೀದಾ ಹುಚ್ಚಾಸ್ಪತ್ರೆಗೆ ಕಳಿಸ್ತಾರೆ. ಬೆಳೆ ರಕ್ಷಣೆ ಅಂತ ಬರೀರಿ." ಬೆಳೆ ಎಂದರೆ ನನ್ನ ಹಿತ್ತಿಲಲ್ಲಿ ಒಂದು ಬಾಳೆ ಮತ್ತು ಹೆಂಡತಿ ನೆಟ್ಟ ಬಸಳೆ. ಆದರೂ ಬರೆದೆ. ಮುಂದಿನ ಕಲಮು, 'ಯಾವ ಪ್ರಾಣಿಯಿಂದ?' ಎಂದು ಕೇಳುತ್ತಿತ್ತು. ಗುಮಾಸ್ತನ ಧರ್ಮವೇನೆಂದು ಗುಮಾಸ್ತರಿಗಷ್ಟೇ ಗೊತ್ತು: ಕಲಮನ್ನು ಖಾಲಿ ಬಿಡಬಾರದು, ಸ್ವಂತ ಬುದ್ಧಿಯಿಂದ ತುಂಬಲೂಬಾರದು. ಹಿಂದಿನ ಕಡತ ನೋಡಬೇಕು, ಅದರಲ್ಲಿದ್ದಂತೆ ಇಳಿಸಬೇಕು. ನನ್ನ ಬಳಿಯಿದ್ದ ಒಂದೇ ಹಿಂದಿನ ಕಡತ ಅಪ್ಪನ ಕೇಪಿನ ಕೋವಿಯ ಹಳೆಯ ಪರವಾನಗಿ. ಅದರಲ್ಲಿ 'ಕಾಡುಹಂದಿ' ಎಂದಿತ್ತು. ನಾನೂ ದುಂಡಗಿನ ಅಕ್ಷರದಲ್ಲಿ ಕಾಡುಹಂದಿ ಎಂದು ಇಳಿಸಿದೆ. ಹೀಗೆ ನಮ್ಮೂರಿನ ಗುಡ್ಡದ ಹಂದಿಯೊಂದು ಲೇಖನಿಯ ತುದಿಯಿಂದ ಪಾಲಾರಿವಟ್ಟಕ್ಕೆ ಬಂದು ಇಳಿಯಿತು.

ಹದಿನೈದು ದಿನಕ್ಕೆ ವಿಚಾರಣೆಗೆಂದು ಗ್ರಾಮದ ಅಧಿಕಾರಿ ಕೊಡೆ ಹಿಡಿದುಕೊಂಡು ಬಂದರು. "ಹಂದಿ ಎಲ್ಲಿ ಬರ್ತದೆ?" ಎಂದರು. ನಾನು ಕಕ್ಕಾಬಿಕ್ಕಿಯಾಗಿ ಬೇಲಿಯಾಚೆ ಕೈ ತೋರಿಸಿದೆ. ಅಲ್ಲಿ ಏಲಿಯಾಮ್ಮನ ಮರಗೆಣಸಿನ ತಾಕಿನಲ್ಲಿ ನಾಲ್ಕು ಗಿಡ ಬುಡಮೇಲಾಗಿದ್ದವು. ಅದು ಹೆಗ್ಗಣದ ಕೆಲಸವೆಂದು ನನಗೂ ಗೊತ್ತಿತ್ತು, ಹೆಗ್ಗಣಕ್ಕೂ ಗೊತ್ತಿತ್ತು. ಏಲಿಯಾಮ್ಮನೆಂದರೆ ಎಪ್ಪತ್ತು ದಾಟಿದ ವಿಧವೆ. ಎಲ್ಲರೂ ಕರೆಯುವಂತೆ ನಾನೂ ಅಮ್ಮಚ್ಚಿ ಎಂದೇ ಕರೆಯುತ್ತಿದ್ದೆ. ಅವರು ಬೇಲಿಯ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು.

"ಹಂದಿಯೋ? ನನ್ನ ಕಪ್ಪದಲ್ಲೋ? ಎಂಡೆ ಕರ್ತಾವೇ!" ಎಂದು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. ಕಪ್ಪ ಎಂದರೆ ಅವರ ಮರಗೆಣಸು. ಅಧಿಕಾರಿ ಅದನ್ನೇ ಸಾಕ್ಷಿಯೆಂದು ಬರೆದುಕೊಂಡು ಹೋದರು. ಪರವಾನಗಿ ಬಂತು.

ಕೋವಿ ಕೊಳ್ಳಲು ತಿರುವನಂತಪುರಕ್ಕೆ ಹೋದೆ. ಅಲ್ಲಿ ಪಟ್ಟಂನಲ್ಲಿ ಶಾರದೆಯ ತಮ್ಮ ಸುಬ್ರಾಯನಿದ್ದ. ಅವನೇ ಅಂಗಡಿಗೆ ಕರೆದೊಯ್ದ. ನನಗೆ ಬೇಕಾದದ್ದು ಇಷ್ಟೇ: ಬೆಲೆ ಕಡಿಮೆ ಇರಬೇಕು, ಕೊಚ್ಚಿಯ ಉಪ್ಪುಗಾಳಿಗೆ ತುಕ್ಕು ಹಿಡಿಯಬಾರದು, ತಿಂಗಳಿಗೊಮ್ಮೆ ಎತ್ತಿದರೂ ಮುನಿಸಿಕೊಳ್ಳಬಾರದು. ಮದುವೆಗೆ ಹೆಣ್ಣು ನೋಡುವಾಗಲೂ ನಾನು ಇಷ್ಟು ಕೇಳಿರಲಿಲ್ಲ. ಅಂಗಡಿಯ ಮುದುಕ ಎರಡು ಕೋವಿ ಮುಂದಿಟ್ಟ. ಒಂದು ವಿಲಾಯತಿಯ ಜೋಡುನಳಿಗೆ. ಪಕ್ಕದಲ್ಲೆಲ್ಲ ಬಾತುಕೋಳಿಗಳ ಕೆತ್ತನೆ. ಇನ್ನೊಂದು ಒಲೆಯೂದುವ ಕೊಳವೆಗೆ ಮರದ ಹಿಡಿ ಜೋಡಿಸಿದಂತಿದ್ದ ಒಂಟಿನಳಿಗೆ. ನನ್ನ ಕಣ್ಣು ಬಾತುಕೋಳಿಗಳ ಮೇಲಿತ್ತು.

"ಒಂದು ನಳಿಗೆ ಸಾಕು ಭಾವ," ಎಂದ ಸುಬ್ರಾಯ. "ಎರಡಿದ್ರೆ ನೀವು ಎರಡು ಸಲ ತಪ್ಪುವುದು, ಅಷ್ಟೆ."

ಮುದುಕ ಕೋವಿ ಮಡಚಿ ನಳಿಗೆಯೊಳಗಿಂದ ಆಕಾಶ ತೋರಿಸಿದ. ಒಳಗೆ ಹೊಳಪಿರಬೇಕು, ಎಲ್ಲೂ ಗುಳಿ ಇರಬಾರದು. ಮುಚ್ಚಿ ಕಿವಿಯ ಬಳಿ ಅಲುಗಿಸಿದ. ಗಡಗಡ ಎನ್ನಬಾರದು. ಕೊನೆಗೆ ನನ್ನ ಭುಜಕ್ಕೇರಿಸಿ ನೋಡಿ ನಿಟ್ಟುಸಿರು ಬಿಟ್ಟ. "ಕೋವಿ ಚೆನ್ನಾಗಿದೆ ಸಾರೆ. ಭುಜ ಹಿಂದೆ ಹೋಗ್ತಾ ಇದೆ. ಎದುರಿಗೆ ಏನೋ ಬರ್ತಾ ಇದೆ ಅಂತ ನಂಬಿ ನಿಲ್ಲಬೇಕು. ಆಗ ಹಿಡಿ ತಾನಾಗಿ ಕೂರ್ತದೆ." ಒಂಟಿನಳಿಗೆಯನ್ನೇ ಕೊಂಡೆ. ಹುಲ್ಲುಚಾಪೆಯಲ್ಲಿ ಸುತ್ತಿ ಬಸ್ಸು ಹತ್ತಿದೆ. ಪಕ್ಕದವರು "ನಾಗಸ್ವರವೋ?" ಎಂದು ಕೇಳಿದರು. ಹೌದೆಂದೆ. ಕೊಲ್ಲಂ ಬರುವಷ್ಟರಲ್ಲಿ ಅವರು ಮಗಳ ಮದುವೆಗೆ ನನ್ನನ್ನು ನುಡಿಸಲು ಕರೆದಾಗಿತ್ತು. ಸುಳ್ಳಿಗೆ ಬಾಯಿ ಒಮ್ಮೆ ಒಗ್ಗಿತೆಂದರೆ ಅದು ನಮ್ಮ ಅಪ್ಪಣೆಗೂ ಕಾಯುವುದಿಲ್ಲ.

ಏಲೂರಿನ ಕಾರ್ಖಾನೆಗಳಾಚೆ ಹೊಳೆಬದಿಯ ಬಯಲಿನಲ್ಲಿ ನಮ್ಮ ಆಟ ನಡೆಯುತ್ತಿತ್ತು. ಸರಿಯಾದ ಬಿಲ್ಲೆಗಳು ಊರಲ್ಲೆಲ್ಲೂ ಸಿಗದ್ದರಿಂದ ಕುಂಬಾರನಿಂದ ಮಡಕೆಯ ಮುಚ್ಚಳ ತರಿಸುತ್ತಿದ್ದೆವು. ಮೇನೋನ್ ಸಾರ್ "ಹ್ಞಾಂ!" ಎನ್ನುವರು, ನಂಬಿಯಾರ್ ಎಸೆಯುವರು, ನಾನು ಕಣ್ಣು ಮುಚ್ಚಿ ಹೊಡೆಯುವೆನು. ಮುಚ್ಚಳ ಏನೂ ಆಗದವರಂತೆ ಹೊಳೆಗಿಳಿದು ತೇಲಿ ಮುಳುಗುವುದು. ನನ್ನ ಭುಜ ಮಾತ್ರ ಮೂರು ದಿನ ನೀಲಿ.

ಕೋವಿ ಬಂದ ವಾರದಲ್ಲಿ ಶಾರದೆ ಬೇಲಿಯಾಚೆಯಿಂದ ಒಂದು ಸುದ್ದಿ ತಂದಳು. ಅಮ್ಮಚ್ಚಿ ದಿನವೂ ನಸುಕಿನಲ್ಲಿ ಮರಗೆಣಸಿನ ತಾಕು ದಾಟಿ ಇಗರ್ಜಿಗೆ ಹೋಗಿ, ಗಂಡನ ಗೋರಿಯ ಮೇಲೊಂದು ಮೇಣದಬತ್ತಿ ಹಚ್ಚಿ ಬರುವವರು. ಗಂಡ ತೀರಿದಂದಿನಿಂದ ಒಂದು ದಿನವೂ ತಪ್ಪಿಸಿದವರಲ್ಲ. ವಿಚಾರಣೆಯ ಮರುದಿನದಿಂದ ಅವರು ಹೊಸ್ತಿಲು ದಾಟಿರಲಿಲ್ಲ. "ಹಂದಿಯ ಹೆದರಿಕೆಯಂತೆ. ಗೋರಿ ಕತ್ತಲಲ್ಲಿದೆ ಅಂತ ಕೂತು ಅಳ್ತಾರೆ. ಪಾಪ ಅಲ್ವಾ?" ಎಂದಳು ಶಾರದೆ. ಅವಳಿಗೆ ಹಂದಿಯ ಹುಟ್ಟು ಗೊತ್ತಿರಲಿಲ್ಲ. ಹೇಳುವ ಧೈರ್ಯ ನನಗಿರಲಿಲ್ಲ. ಸುಳ್ಳು ಅರ್ಜಿಯೆಂದು ತಿಳಿದರೆ ಪರವಾನಗಿ ಹೋಗುತ್ತದೆ, ಅದರ ಹಿಂದೆಯೇ ನೌಕರಿಯೂ ಹೋಗಬಹುದು.

ಸತ್ಯ ಹೇಳಲಾರದವನು ಮಾಡುವ ಕೆಲಸವನ್ನೇ ಮಾಡಿದೆ. ಉಪಕಾರ ಮಾಡಲು ಹೊರಟೆ. "ಅಮ್ಮಚ್ಚಿ, ನಾಳೆಯಿಂದ ನಾನೇ ಕೋವಿ ಹಿಡಿದು ಜೊತೆಗೆ ಬರ್ತೇನೆ" ಎಂದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಅಂದಿನಿಂದ ಒಂದೂವರೆ ವರ್ಷ ಪಾಲಾರಿವಟ್ಟ ಆ ನೋಟ ಕಂಡಿತು: ಮುಂದೆ ಹಣೆಗೆ ವಿಭೂತಿ, ಹೆಗಲಿಗೆ ಕೋವಿ ಹೊತ್ತ ಗುಮಾಸ್ತ; ಹಿಂದೆ ಚಟ್ಟೆಯೆಂಬ ಬಿಳಿ ರವಿಕೆ, ಬಿಳಿ ಮುಂಡಿನ ಮುದುಕಿ. ಪೂಜೆ ಮುಗಿಯುವವರೆಗೆ ನಾನು ಇಗರ್ಜಿಯ ಹೊರಗೆ ಇಲ್ಲದ ಹಂದಿಯನ್ನು ಕಾಯುತ್ತಿದ್ದೆ. ಪಾದ್ರಿಗಳು ಒಮ್ಮೆ ಚಹಾ ಕಳಿಸಿದರು. ಎದುರಾದವರೆಲ್ಲ "ಇವತ್ತು ಕಂಡಿತೋ ಸಾರೆ?" ಎಂದು ಕೇಳುತ್ತಿದ್ದರು. ಕೆಲವರು ಹೆಜ್ಜೆ ಗುರುತನ್ನೂ ತೋರಿಸಿದರು.

ಕೊನೆಗೆ ಊರ ಕಡೆಗೆ ವರ್ಗವಾಯಿತು. ಹೊರಡುವ ಹಿಂದಿನ ಸಂಜೆ ನನಗೆ ತಡೆಯಲಾಗಲಿಲ್ಲ. ನೌಕರಿ ಹೋದರೆ ಹೋಗಲಿ ಎಂದುಕೊಂಡು ಅಮ್ಮಚ್ಚಿಯ ಜಗಲಿಯಲ್ಲಿ ಕುಳಿತು ಕಲಮು, ಕಡತ, ಹೆಗ್ಗಣ ಎಲ್ಲವನ್ನೂ ಹೇಳಿದೆ. "ಹಂದಿ ಇಲ್ಲ ಅಮ್ಮಚ್ಚಿ. ಇರಲೇ ಇಲ್ಲ. ನಾನು ಬರೆದ ಸುಳ್ಳು ಅದು. ಕ್ಷಮಿಸಬೇಕು."

ಅಮ್ಮಚ್ಚಿ ಬಾಯಲ್ಲಿದ್ದ ಎಲೆಯಡಿಕೆಯನ್ನು ಉಗುಳಿ ಬಂದು ಕುಳಿತರು. "ಸಾರ್ ದೊಡ್ಡ ಮನುಷ್ಯ. ನಾನು ಒಬ್ಬಳೇ ಹೋಗುವಾಗ ಹೆದರಬಾರದು ಅಂತ ಹೇಳ್ತಾ ಇದ್ದೀರಿ, ಅಲ್ಲವೋ?"

"ಅಲ್ಲ ಅಮ್ಮಚ್ಚಿ, ಸತ್ಯವಾಗಿ..."

"ಸುಮ್ಮನಿರಿ ಸಾರೆ. ನಾನು ಮೂರು ಸಲ ಕಂಡಿದ್ದೇನೆ. ಎಡಗಿವಿ ಹರಿದಿದೆ ಅದಕ್ಕೆ. ನಿಮ್ಮ ಕೋವಿ ನೋಡಿ ಸರಿದು ಹೋಗ್ತದೆ."

ಎಡಗಿವಿ ಹರಿದ ಹಂದಿಯ ಮುಂದೆ ನನ್ನ ಸತ್ಯ ನಿಲ್ಲಲಿಲ್ಲ. ಕ್ಷಮೆ ಕೇಳಲು ಹೋದವನು ಎರಡು ಚಕ್ಕುಲಿ ತಿಂದು ವಾಪಸು ಬಂದೆ. ಆ ಕ್ಷಮೆ ಇಂದಿಗೂ ನನಗೆ ಸಿಕ್ಕಿಲ್ಲ. ಅವರಿಂದ ಪಡೆಯಲು ಈಗ ಅವರೂ ಇಲ್ಲ. ಆ ಮನೆಗೆ ನನ್ನ ಬಳಿಕ ಬಂದ ಮೈಸೂರಿನ ಬ್ಯಾಂಕಿನವರಿಗೆ ಬಾವಿಯ ರಾಟೆ, ಹಿತ್ತಿಲ ಬಾಗಿಲಿನ ಚಿಲಕಗಳ ಜೊತೆಗೆ ನಸುಕಿನ ಈ ಕೆಲಸವನ್ನೂ ಒಪ್ಪಿಸಿ ಬಂದೆ. ಅವರಿಗೆ ಕೋವಿ ಇರಲಿಲ್ಲ, ಕೊಡೆ ಹಿಡಿದು ಹೋದರಂತೆ. ಅವರ ನಂತರದವರು ಟಾರ್ಚು. ಅಮ್ಮಚ್ಚಿ ಇರುವವರೆಗೂ ಗೋರಿಯ ದೀಪ ತಪ್ಪಲಿಲ್ಲವೆಂದು ಕೇಳಿದ್ದೇನೆ. ನನ್ನ ಕೋವಿ, ಎಷ್ಟು ತೆಂಗಿನೆಣ್ಣೆ ಸವರಿದರೂ, ಏಳನೆಯ ವರ್ಷಕ್ಕೆ ತುಕ್ಕು ಹಿಡಿಯಿತು.

ಇನ್ನೊಂದು ಮಾತು ಉಳಿದಿದೆ, ಅದನ್ನೂ ಹೇಳಿಬಿಡುತ್ತೇನೆ. ಹೊರಡುವ ದಿನದ ನಸುಕಿನಲ್ಲಿ ಕೊನೆಯ ಸಲ ಜೊತೆಗೆ ಹೋದೆ. ತಾಕಿನ ನಡುವೆ ಒಂದು ಗಿಡ ಅಲುಗಿತು. ಹೆಗ್ಗಣವೆಂದು ನನಗೆ ಗೊತ್ತು. ಅಮ್ಮಚ್ಚಿ ಹಿಂದಿನಿಂದ ನನ್ನ ಅಂಗಿಯ ಚುಂಗು ಹಿಡಿದುಕೊಂಡರು. ನಾನು ಕೋವಿ ಎತ್ತಿದೆ. ಅಂಗಡಿಯ ಮುದುಕ ಹೇಳಿದ್ದಂತೆ ಹಿಡಿ ಅಂದು ಮೊಟ್ಟಮೊದಲ ಬಾರಿಗೆ ಭುಜದಲ್ಲಿ ಸರಿಯಾಗಿ ಕುಳಿತಿತು.