ಉಪ್ಪಿಗೆ ಒಂಬತ್ತು ಮೆಟ್ಟಿಲು

ನನ್ನ ಅತ್ತಿಗೆ ತಿ. ನರಸೀಪುರದವರು. ನರ್ಸಿಂಗ್ ಸೇರಬೇಕೆಂಬುದು ಅವರ ಹಳೆಯ ಆಸೆ. ಅಡ್ಡ ನಿಂತದ್ದು ಪಿಯುಸಿ ಕೆಮಿಸ್ಟ್ರಿ ಒಂದೇ. ಎರಡು ಸಲ ಫೇಲಾಗಿದ್ದರು. ಮೂರನೆಯ ಸಲ ಪಾಠ ಹೇಳುವ ಕೆಲಸ ಬಿಎಸ್ಸಿ ಓದುತ್ತಿದ್ದ ನನ್ನ ಪಾಲಿಗೆ ಬಂತು. ಅವರ ತಪ್ಪುಗಳನ್ನು ಡೈರಿಯಲ್ಲಿ ಗೀಟು ಹಾಕಿ ಎಣಿಸಿದೆ. ಮೇ 4ರಿಂದ 11ರವರೆಗೆ, ಉಪ್ಪು ಉಂಟಾಗುವಾಗಿನ ಶಕ್ತಿಯ ಲೆಕ್ಕದಲ್ಲಿ ಪ್ಲಸ್ಸು ಮೈನಸ್ಸು ಅದಲುಬದಲು: ಹತ್ತೊಂಬತ್ತು ಸಲ.

"ಸೋಡಿಯಂ ಎಲೆಕ್ಟ್ರಾನ್ ಸುಲಭವಾಗಿ ಕೊಡ್ತದೆ ಅಂತ ಬುಕ್ಕಲ್ಲೇ ಅದೆ. ಮತ್ತೆ ನಾವ್ಯಾಕೆ ಶಕ್ತಿ ಆಕ್ಬೇಕು?" ಎಂದು ಅತ್ತಿಗೆ ಜಗಳಕ್ಕೆ ನಿಂತರು.

"ಬೇರೆ ಲೋಹಗಳಿಗಿಂತ ಸುಲಭ ಅತ್ತಿಗೆ, ಪುಕ್ಕಟೆ ಅಲ್ಲ."

ಬಾಯಲ್ಲಿ ಹೇಳಿ ಸಾಕಾಗಿ, ಮೇ 12ರ ಬೆಳಿಗ್ಗೆ ಅವರನ್ನು ನಂಜನಗೂಡಿನ ಸ್ನಾನಘಟ್ಟಕ್ಕೆ ಕರೆದೊಯ್ದೆ. ಶಕ್ತಿ ಹಾಕಬೇಕಾದರೆ ಪ್ಲಸ್, ಹತ್ತಬೇಕು; ಶಕ್ತಿ ಹೊರಬಂದರೆ ಮೈನಸ್, ಇಳಿಯಬೇಕು. ಐವತ್ತು ಕಿಲೋಜೂಲಿಗೆ ಒಂದು ಮೆಟ್ಟಿಲು. ಪುಸ್ತಕದ ಪ್ರಕಾರ ಕೊನೆಗೆ ಹೊರಬರುವುದು 411, ಅಂದರೆ ಹೊರಟ ಜಾಗದಿಂದ ಎಂಟು ಮೆಟ್ಟಿಲು ಕೆಳಗೆ. ನೀರಿನಿಂದ ಮೇಲಕ್ಕೆ ಎಣಿಸಿ ಒಂಬತ್ತನೆಯ ಮೆಟ್ಟಿಲಲ್ಲಿ ಅವರನ್ನು ನಿಲ್ಲಿಸಿದೆ. ಕೊನೆಯ ಒಣ ಮೆಟ್ಟಿಲಲ್ಲಿ ಪಾಠ ಮುಗಿಯಬೇಕು.

ಸೋಡಿಯಂ ಆವಿಯಾಗಲು 108: ಎರಡು ಹತ್ತಿದರು. ಅದರ ಎಲೆಕ್ಟ್ರಾನ್ ಕೀಳಲು 496: ಹತ್ತು. ಕ್ಲೋರಿನ್ ಜೋಡಿ ಒಡೆದು ಒಂದು ಪರಮಾಣು ಪಡೆಯಲು 121: ಇನ್ನೆರಡು.

"ಚಿಟಿಕೆ ಉಪ್ಪಿಗೆ ಇಷ್ಟೊಂದು ಅಲೆದಾಟನೇನೇ?" ಅತ್ತಿಗೆ ಏದುಸಿರು ಬಿಟ್ಟರು.

ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬರು ಕತ್ತೆತ್ತಿದರು. "ಏನವ್ವಾ, ಅರಕೆಯಾ?"

"ಊಂ ಕಣಜ್ಜಿ, ಪಾಸಾಗೋಕೆ," ಎಂದರು ಅತ್ತಿಗೆ.

"ಸೊಂಟನೋವ್ಗೂ ಆಯ್ತದಾ?"

ಕ್ಲೋರಿನ್ ಎಲೆಕ್ಟ್ರಾನ್ ಪಡೆದಾಗ ಹೊರಬರುವುದು 349: ಅತ್ತಿಗೆ ಏಳು ಇಳಿದರು. ಅಯಾನುಗಳು ಪರಸ್ಪರ ಸೆಳೆದು ಹರಳಾಗುವಾಗ 787: ಹದಿನಾರು. ಇಳಿಯುವುದೆಂದರೆ ಉತ್ಸಾಹ, ದಡದಡನೆ ಹೊರಟರು. ಹದಿನೈದನೆಯ ಮೆಟ್ಟಿಲು ಒಣಗಿತ್ತು. ಹದಿನಾರನೆಯದು ನೀರೊಳಗಿತ್ತು; ಪಾಚಿಯ ಮೇಲೆ ಕಾಲು ಜಾರಿತು.

"ನೀನು ಎಂಟು ಅಂದಿದ್ದೆ ಕಣೇ!" ಸೊಂಟದವರೆಗೆ ನೆನೆದು ಕೂತ ಅತ್ತಿಗೆ ಕೂಗಿದರು.

ತಪ್ಪು ನನ್ನದೇ. ಒಂದೊಂದು ಸಂಖ್ಯೆಯನ್ನೂ ಬೇರೆ ಬೇರೆಯಾಗಿ ಮೆಟ್ಟಿಲಿಗೆ ಹೊಂದಿಸುವಾಗ, ಹತ್ತುವ ಕಡೆ ಚೂರು ಬಿಟ್ಟು ಇಳಿಯುವ ಕಡೆ ಚೂರು ಸೇರಿಸಿದ್ದೆ. ಎಂಟು ಒಂಬತ್ತಾಗಿತ್ತು. ಡೈರಿಯಲ್ಲಿ ನನ್ನ ಹೆಸರಿಗೂ ಒಂದು ಗೀಟು ಬಿತ್ತು.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. "ಬೆಂಚಿನ ಕೆಳಗೆ ಕಾಲಲ್ಲೇ ಹತ್ತಿ ಇಳಿದೆ ಕಣೇ. ಒಂಟ ಜಾಗಕ್ಕಿಂತ ಕೆಳಗೆ ಬಿದ್ದಿದ್ನಲ್ಲ, ಕಣ್ಮುಚ್ಚಿ ಮೈನಸ್ ಆಕ್ದೆ," ಎಂದರು ಅತ್ತಿಗೆ.

ಫಲಿತಾಂಶ ಬಂದ ಮರುದಿನ ಇಬ್ಬರೂ ಮತ್ತೆ ಸ್ನಾನಘಟ್ಟಕ್ಕೆ ಹೋದೆವು. ಅಜ್ಜಿ ಅಲ್ಲೇ ಇದ್ದರು.

"ಅರಕೆ ಫಲಿಸ್ತಾ?"

"ಪಾಸು ಕಣಜ್ಜಿ!"

"ನಾನೂ ನಿಮ್ಮಂಗೇ ಅತ್ತಿ ಇಳ್ದೆ, ಮತ್ತೆ ನನ್ ಸೊಂಟ ಯಾಕೆ ಇನ್ನೂ ಇಂಗೇ ಅದೆ? ಒಟ್ಟು ಎಷ್ಟು ಮೆಟ್ಲು ಇಳೀಬೇಕು, ಸರಿಯಾಗೇಳು."

"ಎಂಟು ಅಜ್ಜಿ," ಎಂದೆ. "ಎಂಟೇ."