ತಗಡಣ್ಣ ಪೈಪು ಮುಚ್ಚಿದ್ದು

ಅತ್ತೆ ಯಾವಾಗ ಹೊರಡುತ್ತಾರೋ ಎಂದು ಬಸ್ಸಿನ ವೇಳೆ ವಿಚಾರಿಸುವ ಅಳಿಯಂದಿರೇ ತುಂಬಿದ ಈ ಲೋಕದಲ್ಲಿ, ಅತ್ತೆ ಹೊರಟುಹೋದರಲ್ಲ ಎಂದು ಊಟ ಸೇರದೆ ಕೂತ ಅಳಿಯ ಯಾರಾದರೂ ಇದ್ದರೆ ಅದು ತಗಡಣ್ಣ ಒಬ್ಬನೇ.

ಆ ಹೆಸರು ಬೀದಿಯವರು ಇಟ್ಟದ್ದು. ಡಬ್ಬ, ಬಕೆಟ್ಟು, ಹೊಗೆ ಕೊಳವೆ, ತಗಡಿನಲ್ಲಿ ಆಗುವುದೆಲ್ಲ ಅವನ ಅಂಗಡಿಯಲ್ಲಿ ಆಗುತ್ತಿತ್ತು. ಕಳಪೆ ಸಾಮಾನನ್ನು ಜನ ‘ತಗಡು’ ಎಂದು ಬೈಯುವುದನ್ನು ಅವನು ಸ್ವಂತದ ಅವಮಾನ ಎಂದೇ ಹಚ್ಚಿಕೊಂಡಿದ್ದ. ಎರಡು ಅಂಚನ್ನು ಒಂದರೊಳಗೊಂದು ಮಡಿಸಿ ಮರದ ಸುತ್ತಿಗೆಯಲ್ಲಿ ಬಡಿದು ಕೂರಿಸಿದನೆಂದರೆ, ಆ ಜೋಡಣೆಯಲ್ಲಿ ಉಗುರು ಸಿಕ್ಕಿಸಲೂ ಜಾಗವಿರುತ್ತಿರಲಿಲ್ಲ. ಅದರ ಮೇಲೆ ಬೆರಳಾಡಿಸಿ ಮೆಚ್ಚುವ ಜೀವ ಜಗತ್ತಿನಲ್ಲಿ ಒಂದೇ ಇತ್ತು: ಅತ್ತೆ.

ಪ್ರತಿ ಚಳಿಗಾಲವೂ ಅತ್ತೆ ದೊಡ್ಡ ಮಗಳ ಮನೆಯಲ್ಲಿ, ಅಂದರೆ ಇವನ ಮನೆಯಲ್ಲಿ, ಇರುವುದು ರೂಢಿ. ಊಟವಾದ ಮೇಲೆ ಅತ್ತೆ-ಅಳಿಯ ಇಸ್ಪೀಟಿಗೆ ಕೂರುವರು. ಆಕೆ ಜೋಕರನ್ನು ಶಾಲಿನ ಮಡಿಕೆಗೆ ಸೇರಿಸುವುದು ಇವನಿಗೆ ಕಾಣುತ್ತಿರಲಿಲ್ಲ. ಅವತ್ತು ಇವನು ಮಾಡಿದ ಬಕೆಟ್ಟು ಕೊಂಚ ಸೊಟ್ಟಗಿದ್ದರೆ ಅದು ಆಕೆಗೆ ಕಾಣುತ್ತಿರಲಿಲ್ಲ. ಸಂಸಾರ ಚೆನ್ನಾಗಿ ನಡೆದಿತ್ತು.

ಅಷ್ಟರಲ್ಲಿ ಷಡ್ಡಕ ಬಂದ. ಹೆಂಡತಿಯ ತಂಗಿಯ ಗಂಡ, ವಿದ್ಯುತ್ ಕಚೇರಿಯ ಗುಮಾಸ್ತ. ತಾನೇ ಊರಿಗೆಲ್ಲ ಕಳಿಸುವ ಬಿಲ್ಲು ತನ್ನ ಮನೆಗೂ ಬಂದಾಗ, ಹೀಟರಿನ ಮುಂದೆ ಬೆಚ್ಚಗೆ ಕೂತಿದ್ದವನು ಬೆಚ್ಚಿಬಿದ್ದಿದ್ದ.

“ಅಣ್ಣ, ಆರಿಂಚಿನ ಪೈಪು ಬೇಕಿತ್ತು, ತಿರುವು ಸಮೇತ. ರಾಕೆಟ್ ಹೀಟರ್ ಕಟ್ತಿದೀನಿ.”

“ಯಾವ ಗ್ರಹಕ್ಕೆ?”

“ಹಾಲ್‌ಗೆ.”

ಅವನು ನಗಲಿಲ್ಲ; ಫೋನು ತೆಗೆದು ಚಿತ್ರ ತೋರಿಸಿದ. ಸಣ್ಣ ಕಟ್ಟಿಗೆಯನ್ನು ಗೂಡಿನಲ್ಲಿ ನೆಟ್ಟಗೆ ನಿಲ್ಲಿಸಿ ಹಚ್ಚುವುದು. ಬೆಂಕಿ ಅಡ್ಡಕ್ಕೆ ಹರಿದು, ಇಟ್ಟಿಗೆಯ ಕೊಳವೆಯಲ್ಲಿ ಭರ್ರೆಂದು ಮೇಲೇರಿ, ಬೋರಲು ಹಾಕಿದ ಡ್ರಮ್ಮಿಗೆ ಬಡಿದು ಇಳಿಯುವುದು. ಆ ಬಿಸಿಗಾಳಿ ಮಣ್ಣಿನ ಕಟ್ಟೆಯೊಳಗೆ ಹೂತ ಪೈಪಿನಲ್ಲಿ ಸುತ್ತಾಡಿ ಗೋಡೆಯಾಚೆ ಹೋಗುವುದು.

“ಒಲೆ ಆರಿದ್ರೂ ಕಟ್ಟೆ ಬೆಳಗಿನ ತನಕ ಬಿಸಿ ಇರುತ್ತಂತೆ ಅಣ್ಣ.”

“ಮಣ್ಣಲ್ಲಿ ಹೂಳೋದಕ್ಕೆ ನನ್ನ ಪೈಪು ಯಾಕಪ್ಪಾ?” ಎಂದು ಮೂಗು ಮುರಿದರೂ ತಗಡಣ್ಣ ಎಂದಿನಂತೆ ಸೊಗಸಾಗಿಯೇ ಮಾಡಿಕೊಟ್ಟ. ಹುಟ್ಟುಗುಣ, ಏನು ಮಾಡುವುದು.

ಹೀಟರು ಹತ್ತಿತು, ಹೊಗೆ ಬರಲಿಲ್ಲ, ಕಟ್ಟೆ ಬಿಸಿಯಾಯಿತು. ನೆರೆಹೊರೆಯವರು ಬಂದು ಕೂತು ನೋಡಿದರು, ಎದ್ದು ಹೋಗಲು ಮರೆತರು. “ಪೆನ್ನು ಹಿಡಿಯೋ ಕೈಯಲ್ಲಿ ಎಂಥಾ ಕಲೆ!” ಎಂದರು. ಪೈಪಿನ ಮಾತು ಯಾರ ಬಾಯಲ್ಲೂ ಬರಲಿಲ್ಲ. ಕಾಣದ್ದನ್ನು ಯಾರು ಹೊಗಳುತ್ತಾರೆ? ಒಂದು ಸಂಜೆ ನೋಡಿಬರಲು ಹೋದ ಅತ್ತೆ ಮರುದಿನ ಬಟ್ಟೆ ಗಂಟಿಗೆ ಹೇಳಿಕಳಿಸಿದರು. ಮಂಡಿಗೆ ಹಿತವಾಗಿದೆಯಂತೆ. ಗಂಟಿನ ಜೊತೆ ಇಸ್ಪೀಟಿನ ಕಟ್ಟೂ ಹೋಯಿತು.

ಆವತ್ತಿನಿಂದ ತಗಡಣ್ಣನ ಮನೆಯಲ್ಲಿ ಉರಿಯುತ್ತಿದ್ದದ್ದು ಹೊಟ್ಟೆಕಿಚ್ಚೊಂದೇ. ಅದಕ್ಕೆ ಕಟ್ಟಿಗೆಯ ಖರ್ಚಿಲ್ಲ, ಆದರೆ ಮನೆ ಬೆಚ್ಚಗಾಗುವುದಿಲ್ಲ.

“ಎಲೆ ಹಾಕೋಕೂ ಬರದವನ ಜೊತೆ ಏನಾಡ್ತಾರೋ,” ಎಂದ.

“ಕಲೀತಿದಾರಂತೆ ರೀ,” ಎಂದಳು ಹೆಂಡತಿ. ಆಕೆ ಸಮಾಧಾನಕ್ಕೆಂದೇ ಹೇಳಿದ್ದು.

ಮರುದಿನವೇ ಹಾಲ್‌ನಲ್ಲಿದ್ದ ಸೋಫಾ ಜಗಲಿಗೆ ಹೋಯಿತು. ತಗಡಣ್ಣ ಇಟ್ಟಿಗೆ ಕೂರಿಸಿದ, ಡ್ರಮ್ಮು ಬೋರಲು ಹಾಕಿದ. ಷಡ್ಡಕನ ಮನೆಯಲ್ಲಿದ್ದಷ್ಟೇ ಪೈಪು, ಅಷ್ಟೇ ತಿರುವು. ವ್ಯತ್ಯಾಸ ಒಂದೇ: ಇವನು ಮಣ್ಣು ಮೆತ್ತಲಿಲ್ಲ. ಪೈಪನ್ನು ಗೋಡೆಯುದ್ದಕ್ಕೂ ಕನ್ನಡಿಯ ಹಾಗೆ ಉಜ್ಜಿ ನಿಲ್ಲಿಸಿದ. ಮೇಲೆ, ಕೂರಲು, ಕಬ್ಬಿಣದ ಕಾಲಿನ ಮೇಲೆ ಹಲಗೆ.

“ಅವ್ರು ಮುಚ್ಚಿದಾರಲ್ಲ ರೀ?”

“ಅವನಿಗೆ ಮುಚ್ಚಿಡೋದಿದೆ, ಮುಚ್ಚಿದಾನೆ. ನನಗೇನಿದೆ?”

ಅತ್ತೆಯನ್ನು ಕರೆತಂದ. ಆಕೆ ಬಂದವರೇ ಜೋಡಣೆಯ ಮೇಲೆ ಬೆರಳಾಡಿಸಿ, “ಅಳಿಯಂದ್ರೇ, ಇದು ಒಡವೆ ಕಣ್ರೀ, ಒಲೆಯಲ್ಲ!” ಎಂದರು. ತಗಡಣ್ಣ ಆ ಒಂದು ಮಾತಿಗೆ ಎರಡು ಇಂಚು ಎತ್ತರವಾದ. ಒಲೆ ಹಚ್ಚಿದ. ಮೊದಲ ಅರ್ಧ ಗಂಟೆ ಆ ಹಲಗೆಯ ಮೇಲೆ ಕೂರಲಾಗಲಿಲ್ಲ, ಆಮೇಲೆ ಕೂರಬೇಕೆನಿಸಲಿಲ್ಲ. ಬೆಂಕಿ ಆರಿದ್ದೇ ತಡ, ಪೈಪು ತಣ್ಣಗಾಯಿತು. ಎರಡನೇ ಆಟಕ್ಕೆ ಎಲೆ ಹಂಚುವಾಗ ಅತ್ತೆಯ ಕೈ ನಡುಗುತ್ತಿತ್ತು. ಕೈಯಲ್ಲಿ ಜೋಕರಿದ್ದರೂ ಬಚ್ಚಿಡುವ ಗೋಜಿಗೆ ಹೋಗಲಿಲ್ಲ, ಎದುರಿಗೇ ಹಾಕಿಬಿಟ್ಟರು. ಅದನ್ನು ಕಂಡು ತಗಡಣ್ಣನ ಎದೆ ಒಡೆಯಿತು.

“ಬೇಜಾರು ಮಾಡ್ಕೋಬೇಡಿ. ಮಂಡಿ ಹಿಡೀತಿದೆ. ಚಿಕ್ಕವಳ ಮನೆಗೆ ಬಿಟ್ಟುಬಿಡಿ.”

ತಾನೇ ಬಿಡಲು ಹೋದ. ಷಡ್ಡಕನ ಮನೆಯಲ್ಲಿ ಬೆಳಗ್ಗೆಯಿಂದ ಒಲೆ ಹಚ್ಚಿರಲಿಲ್ಲ. ಆದರೂ ಕಟ್ಟೆಯ ಮೇಲೆ ಕೈಯಿಟ್ಟರೆ ಮಲಗಿದ ದನದ ಮೈಯಷ್ಟು ಬಿಸಿ. ಪೈಪು ಎಲ್ಲಿ ತಿರುಗುತ್ತದೆ, ಎಲ್ಲಿ ಕೂಡುತ್ತದೆ ಎಂಬುದು ತಗಡಣ್ಣನ ಅಂಗೈಗೆ ಗೊತ್ತಿತ್ತು. ಅತ್ತೆ ನೆಟ್ಟಗೆ ಹೋಗಿ ಕೂತದ್ದು ಸರಿಯಾಗಿ ಎರಡನೇ ತಿರುವಿನ ಮೇಲೆ.

“ಅಣ್ಣ, ನೀವು ಪೈಪು ಮುಚ್ಚಿಲ್ವಂತೆ?” ಎಂದ ಷಡ್ಡಕ.

“ಮುಚ್ಚೋಕೆ ಅದೇನು ಕಳ್ಳಮಾಲಾ?”

“ಹಂಗಲ್ಲ. ಬಿಸಿ ಹಿಡ್ಕೊಳ್ಳೋದು ಮಣ್ಣೇ ಅಲ್ವಾ? ಪೈಪು ಬರೀ ತಂದುಕೊಡುತ್ತೆ, ಅಷ್ಟೇ.”

‘ಬರೀ’ ಎಂಬ ಮಾತು ತಗಡಣ್ಣನಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಎದ್ದು ಬರೋಣವೆಂದರೆ ಕಟ್ಟೆ ಬಿಡಲಿಲ್ಲ. ಅಷ್ಟು ಹಿತವಾಗಿತ್ತು.

ಭಾನುವಾರ ಷಡ್ಡಕ ಕರೆಯದೆಯೇ ಬಂದ, ಪ್ಯಾಂಟು ಮಡಿಸಿಕೊಂಡು. ಇಬ್ಬರೂ ಅಂಗಳದಲ್ಲಿ ಜೇಡಿಮಣ್ಣು, ಮರಳು, ಒಣಹುಲ್ಲು ಕಲಸಿ ತುಳಿದರು. ಒಳಗೆ ತಂದು, ಹಲಗೆ ಎತ್ತಿಟ್ಟು, ಪೈಪಿನ ಮುಂದೆ ಕೂತಾಗ ಷಡ್ಡಕನ ಕೈ ತಡೆಯಿತು.

“ಮುಚ್ಚೋಕೆ ಮನಸ್ಸು ಬರಲ್ಲ ಅಣ್ಣ. ನಮ್ಮನೇಲೂ ಹಿಂಗೇ ಆಯ್ತು.”

ಕೆಟ್ಟವನಾಗಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು! ಒಳ್ಳೆಯವನ ಮೇಲೆ ಹೊಟ್ಟೆಕಿಚ್ಚು ಪಡುವುದು ಎರಡರಷ್ಟು ಕೆಲಸ. ತಗಡಣ್ಣ ಹಲ್ಲು ಕಚ್ಚಿ ಮೊದಲ ಮುದ್ದೆಯನ್ನು ತಾನೇ ಮೆತ್ತಿದ. ಪೈಪು ಗೋಡೆ ದಾಟುವ ಕಡೆ ಮಾತ್ರ ಒಂದು ಗೇಣು ಹಾಗೇ ಬಿಟ್ಟ. ಷಡ್ಡಕ ಅದನ್ನು ನೋಡಿ, ಕೈಯಲ್ಲಿದ್ದ ಮುದ್ದೆಯನ್ನು ಬೇರೆ ಕಡೆ ಮೆತ್ತಿದ.

ದಿನಾ ಸಣ್ಣಗೆ ಬೆಂಕಿ ಹಾಕಿ ಒಣಗಿಸಿದ ಮೇಲೆ ಅತ್ತೆ ಬಂದರು, ಗಂಟಿನ ಸಮೇತ. ಬಿಟ್ಟ ಗೇಣಿನ ಮೇಲೆ ಬೆರಳಾಡಿಸಿದರು. ಕಟ್ಟೆಯ ಮೇಲೆ ಕಾಲು ಮಡಿಸಿ ಕೂತರು. ಮೂರನೇ ಆಟಕ್ಕೆ ಜೋಕರು ಶಾಲಿನೊಳಗೆ ಸರಿಯಿತು. ತಗಡಣ್ಣನ ಕಣ್ಣು ತುಂಬಿ ಬಂತು; ಹೊಗೆಯೆನ್ನಲು ಹೊಗೆಯೂ ಇರಲಿಲ್ಲ.

“ಬಿಸಿ ಸಾಕಾ ಅತ್ತೆ?”

“ಭೇಷಾಗಿದೆ.” ಆಕೆ ಕೊಂಚ ಸರಿದು ಕೂತರು. “ಅಲ್ಲಿ ದಿಂಬಿತ್ತು.”

ಮರುದಿನ ತಗಡಣ್ಣ ತನ್ನ ಅಂಗಡಿ ಬಾಗಿಲು ತೆಗೆಯುವ ಮೊದಲು ಹಾಸಿಗೆ ಹೊಲಿಯುವವನ ಬಾಗಿಲು ಬಡಿದ.

“ಯಾವ ಅಳತೆ?” ಎಂದು ಆತ ಟೇಪು ಬಿಚ್ಚಿದ.

“ನನ್ನ ಷಡ್ಡಕನ ಮನೇದಕ್ಕಿಂತ ಎರಡು ಬೆರಳು ದಪ್ಪ.”