ಬೇಯದ ಪಾಲು

ಸಿಳ್ಳೆ ಬಾತುಗಳನ್ನು ನೀರಿಗಿಳಿಸಲು ಮರದ ಬಾತುಗಳು ಮಾತ್ರ ಸಾಲವು ಎಂದು ನಮ್ಮ ಧಣಿ ಹೇಳುತ್ತಿದ್ದರು. ಮರದ್ದು ಕೂತಲ್ಲೇ ಕೂತಿರುತ್ತದೆ. ಮೇಲೆ ಹಾರುವ ಹಕ್ಕಿ ಒಂದು ಸುತ್ತು ಹಾಕುವಷ್ಟರಲ್ಲಿ ಅದಕ್ಕೆ ಸಂಶಯ ಬರುತ್ತದೆ. ನಡುವೆ ಜೀವವಿರುವ ಒಂದು ಬಾತು ಕತ್ತು ಆಡಿಸುತ್ತಿದ್ದರೆ ಇಡೀ ಗುಂಪು ಇಳಿಯುತ್ತದೆ. ಆ ಜೀವವಿರುವ ಬಾತು ನನ್ನ ಅಕ್ಕನದ್ದಾಗಿತ್ತು.

ಅರುವತ್ತರ ಆಚೀಚೆಯ ವರ್ಷಗಳು. ಮೂಡಬಿದಿರೆಯಿಂದ ಗುರುವಾಯನಕೆರೆಗೆ ಹೋಗುವ ದಾರಿಯ ಒಳಬದಿಯಲ್ಲಿ ನಮ್ಮ ಮನೆ. ಗದ್ದೆ ಧಣಿಯದ್ದು, ನಾವು ಒಕ್ಕಲು. ನಾನು ಅವರ ಅಕ್ಕಿ ಮಿಲ್ಲಿನಲ್ಲಿ ಭತ್ತ ಬೇಯಿಸುವ ಕೆಲಸಕ್ಕೆ ಹೋಗುತ್ತಿದ್ದೆ. ಗಂಡ ತೀರಿಹೋದ ಮೇಲೆ ಅಕ್ಕ ನನ್ನ ಜೊತೆಗಿದ್ದಳು. ಸ್ವಲ್ಪ ದೂರದಲ್ಲಿ ಬಸದಿಯ ಕೆರೆ. ಅದರ ಮೇಲೆ ಯಾರೂ ಬೆಡಿ ಹೊಡೆಯುವಂತಿರಲಿಲ್ಲ; ಕೋವಿಗೆ ನಮ್ಮಲ್ಲಿ ಬೆಡಿ ಎನ್ನುತ್ತಾರೆ. ಬಾತುಗಳಿಗೂ ಅದು ಗೊತ್ತಿದ್ದಂತಿತ್ತು. ರಾತ್ರಿ ಗದ್ದೆಗಳಲ್ಲಿ ಮೇದು, ಬೆಳಕು ಹರಿಯುವಾಗ ಅಲ್ಲಿಗೇ ಮರಳುತ್ತಿದ್ದವು. ದಾರಿಯಲ್ಲಿ ನಮ್ಮ ಗದ್ದೆಯ ತಲೆಯಲ್ಲಿದ್ದ ಸಣ್ಣ ಕೆರೆಗೆ ಅವನ್ನು ಇಳಿಸಿಕೊಂಡರೆ ಮಾತ್ರ ಬೇಟೆ.

ಒಂದು ಮಳೆಗಾಲ ಅಕ್ಕನಿಗೆ ಕೇದಗೆ ಪೊದೆಯಲ್ಲಿ ಎರಡು ಬಾತಿನ ಮರಿಗಳು ಸಿಕ್ಕಿದವು. ಕೋಳಿಯ ಅಡಿಯಲ್ಲಿಟ್ಟು ಸಾಕಿದಳು. ಹೆಣ್ಣು ಅವಳ ಸೆರಗು ಹಿಡಿದೇ ನಡೆಯುತ್ತಿತ್ತು, ಗಂಡು ಅದರ ಹಿಂದೆ. ಧಣಿ ಹೆಣ್ಣನ್ನು ಬೇಟೆಗೆ ಕೇಳಿದರು. ಕಟ್ಟಿದ ಬಾತಿಗೆ ಯಾರೂ ಈಡು ಹೊಡೆಯುವುದಿಲ್ಲ ಎಂದು ಮಾತು ಕೊಟ್ಟರು. ಅಕ್ಕ ಅದರ ಕಾಲಿಗೆ ಕೆಂಪು ದಾರ ಸುತ್ತಿ, ಅದಕ್ಕೆ ಹಗ್ಗ ಬಿಗಿದು ಕೊಟ್ಟಳು.

ಧಣಿಯ ಅಳಿಯ ಘಟ್ಟದ ಮೇಲಿನವನು. ಅವನಿಗೆ ತುಳು ಬಾರದ್ದರಿಂದ ಅವನಿದ್ದಲ್ಲಿ ನಾವೆಲ್ಲ ಶಾಲೆಯ ಕನ್ನಡ ಮಾತಾಡಬೇಕಾಗಿತ್ತು. ಅವನು ಬೇಟೆಗೆ ಬಂದ ಆ ದಿನ ಹಾರುವ ಹಕ್ಕಿಗಳಿಗೆ ಅವನ ಈಡು ಒಂದೂ ತಾಗಲಿಲ್ಲ. ಕೊನೆಗೆ ಕಟ್ಟಿದ್ದಕ್ಕೇ ಹೊಡೆದ. ಧಣಿ ನಕ್ಕರು.

ಬೇಟೆಯ ಪಾಲಿಗೆ ನಮ್ಮಲ್ಲಿ ಒಂದು ಕಟ್ಟು ಉಂಟು. ಬಿದ್ದದ್ದನ್ನು ಬಿದ್ದಲ್ಲಿಯೇ ಪಾಲು ಮಾಡಬೇಕು: ಬೆಡಿಗೆ ಒಂದು, ಧಣಿಗೆ ಒಂದು, ಬಾತು ಕೊಟ್ಟವರಿಗೆ ಒಂದು. ಸಿಕ್ಕಿದ ಪಾಲನ್ನು ಬೇಡ ಎನ್ನಬಾರದು. ಬೇಯಿಸಿ ತಿನ್ನಬೇಕು, ಬಿಸಾಡಬಾರದು, ಸುಡಬಾರದು. ಮೀರಿದರೆ ದೈವ ಮುನಿಯುತ್ತದೆ. ನಮ್ಮ ಪಾಲು ಬಾಳೆಲೆಯಲ್ಲಿ ಬಂತು. ಅಕ್ಕ ಬಿಡಿಸಿದಳು. ಕಾಲಿನಲ್ಲಿ ಕೆಂಪು ದಾರ ಹಾಗೇ ಇತ್ತು.

ಅವಳು ಅಳಲಿಲ್ಲ. ದಾರ ಬಿಚ್ಚಿ, ತೊಳೆದು, ಗೋಡೆಯ ಮೊಳೆಗೆ ಸಿಕ್ಕಿಸಿದಳು. ಮಸಾಲೆ ಅರೆದಳು. ಇಬ್ಬರೂ ತಿಂದೆವು. ಅವಳು ಪ್ರತಿ ತುತ್ತಿಗೂ ಮೊಳೆಯ ಕಡೆ ನೋಡುತ್ತಿದ್ದಳು. ಆ ನೋಟಕ್ಕೆ ನನಗೆ ಆದ ಹೆದರಿಕೆ ಬೆಡಿಯ ಸದ್ದಿಗೂ ಆಗಿರಲಿಲ್ಲ.

ಮರುವರ್ಷ ಮಂಜು ಬೀಳುವ ಕಾಲಕ್ಕೆ ಅಳಿಯ ಮತ್ತೆ ಬಂದ. ಧಣಿ ಅಂಗಳಕ್ಕೆ ಬಂದು ಗಂಡು ಬಾತನ್ನು ಕೇಳಿದರು. ಒಕ್ಕಲಿನವರು ಇಲ್ಲ ಎನ್ನುವುದು ಹೇಗೆ? ಅಕ್ಕ ಎದುರು ಹೇಳಲಿಲ್ಲ. ಅದು ಬೇರೆಯವರ ಕೈಗೆ ಹೆದರುತ್ತದೆ, ನಾನೇ ತಂದು ಕಟ್ಟುತ್ತೇನೆ ಎಂದಳು.

ಅವರು ಹೋದ ಕೂಡಲೇ ನನ್ನಿಂದ ಹಾಲೆ ಮರದ ಒಂದು ತುಂಡು ತರಿಸಿದಳು. ಕತ್ತಿಯಿಂದ ಕೆತ್ತಿದಳು. ಕತ್ತನ್ನು ಬೇರೆ ತುಂಡಿನಲ್ಲಿ ಮಾಡಿ, ಹಗ್ಗ ಎಳೆದರೆ ಬಾಗುವ ಹಾಗೆ ಸಿಕ್ಕಿಸಿದಳು. ಕೆಮ್ಮಣ್ಣು, ಮಸಿ ಬಳಿದು, ಬಣ್ಣ ನೀರಿಗೆ ಹೋಗದಿರಲಿ ಎಂದು ದೋಣಿಗೆ ಹಚ್ಚುವ ಗೇರೆಣ್ಣೆ ಹಚ್ಚಿದಳು. ಆ ಎಣ್ಣೆ ತಾಗಿ ಅಂಗೈ ಸುಟ್ಟು ಬೊಬ್ಬೆಗಳು ಎದ್ದವು. ಬೇಟೆಯ ಹಿಂದಿನ ಸಂಜೆ ಗಂಡು ಬಾತನ್ನು ಬುಟ್ಟಿಯಲ್ಲಿ ಒಯ್ದು ಬಸದಿಯ ಕೆರೆಗೆ ಬಿಟ್ಟೆವು. ಅದು ಗುಂಪಿನೊಳಗೆ ಸೇರಿತು. ಸ್ವಲ್ಪ ಹೊತ್ತಿನಲ್ಲಿ ಯಾವುದು ನಮ್ಮದೆಂದು ಅವಳಿಗೂ ಗೊತ್ತಾಗಲಿಲ್ಲ.

ಬೆಳಿಗ್ಗೆ ಮಂಜು ದಪ್ಪವಾಗಿತ್ತು. ಧಣಿಯ ಮರದ ಬಾತುಗಳನ್ನು ನಾನು ಇಳಿಸಿದೆ. ಒಂದೊಂದಕ್ಕೂ ಕಲ್ಲು ಕಟ್ಟಿ, ಮುಖ ಗಾಳಿಯ ಕಡೆ ಬರುವಂತೆ, ಹಕ್ಕಿ ಇಳಿಯಲು ನಡುವೆ ಜಾಗ ಬಿಟ್ಟು. ಆ ಜಾಗದ ಬಾಯಲ್ಲಿ ಅಕ್ಕ ಬುಟ್ಟಿಯ ಬಟ್ಟೆ ಸರಿಸಿ ತನ್ನದನ್ನು ಕಟ್ಟಿದಳು. ಹಗ್ಗದ ತುದಿ ಹಿಡಿದು ಕೇದಗೆಯ ಹಿಂದೆ ಕೂತಳು. ನಾನು ಸೊಪ್ಪಿನ ಮರೆಯಲ್ಲಿ ಧಣಿ, ಅಳಿಯ, ಮಿಲ್ಲಿನ ಮೂರು ನಾಲ್ಕು ಆಳುಗಳ ಜೊತೆ ಕೂತೆ. ನೀರಿನ ಮೇಲೆ ಆ ಬಾತು ಕತ್ತು ಬಗ್ಗಿಸಿತು, ಎತ್ತಿತು. ಗೊತ್ತಿದ್ದ ನನಗೇ ಮೈ ಜುಮ್ಮೆಂದಿತು.

ಸಿಳ್ಳೆ ಕೇಳಿತು. ಗುಂಪು ಇಳಿಯಿತು. ಅಳಿಯ ಹೊಡೆದ, ಎಲ್ಲ ಎದ್ದು ಹೋದವು. ಹೊಗೆ ಸರಿದಾಗ ಕತ್ತು ಆಡಿಸುತ್ತ ಒಂದು ಮಾತ್ರ ಉಳಿದಿತ್ತು.

"ಅದು ಕಟ್ಟಿದ್ದು," ಎಂದೆ.

"ಇರಲಿ ಮಾರಾಯ, ಅವರಿಗೆ ಒಂದಾದರೂ ಸಿಗಲಿ," ಎಂದರು ಧಣಿ.

ಅಳಿಯ ಹೊಡೆದ. ಬಾತು ವಾಲಿ, ಮತ್ತೆ ನೆಟ್ಟಗೆ ಕೂತಿತು. ಇನ್ನೊಮ್ಮೆ ಹೊಡೆದ. ಅದು ಕತ್ತು ಬಗ್ಗಿಸಿತು, ನಮಸ್ಕಾರ ಮಾಡಿದ ಹಾಗೆ. ಹಿಂದೆ ಕೂತ ಆಳೊಬ್ಬ ನಗು ತಡೆಯಲಾರದೆ ಮುಂಡಾಸಿನ ತುದಿಯನ್ನು ಬಾಯಿಗೆ ತುರುಕಿಕೊಂಡ. ಧಣಿ ನನಗೆ ತರಲು ಹೇಳಿದರು. ನೀರಿಗಿಳಿದು ತಂದು ಅವರ ಕಾಲ ಬಳಿ ಇಟ್ಟೆ. ಮರದಲ್ಲಿ ಚರೆಗಳು ಕಚ್ಚಿಕೊಂಡಿದ್ದವು.

ಅಕ್ಕ ಕತ್ತಿ ಹಿಡಿದು ಬಂದಳು. ಅಳಿಯನಿಗೆ ತಿಳಿಯಲಿ ಎಂದು ಒಂದೊಂದೇ ಶಬ್ದ ಬಿಡಿಸಿ ಕನ್ನಡದಲ್ಲಿ ಹೇಳಿದಳು: "ಬೆಡಿಗೆ ಬಿದ್ದದ್ದು ಬೇಟೆ. ಪಾಲು ಆಗಬೇಕಲ್ಲ, ಧಣಿ."

ಯಾರೂ ತಡೆಯಲಿಲ್ಲ. ಅವಳು ಕೂತು ಎರಡು ತುಂಡು ಮಾಡಿದಳು. ಒಂದನ್ನು ಅಳಿಯನ ಮುಂದಿಟ್ಟಳು. ಇನ್ನೊಂದಕ್ಕೆ ಸೊಂಟದಿಂದ ಕೆಂಪು ದಾರ ತೆಗೆದು ಸುತ್ತಿ, ಬಾಳೆಲೆಯಲ್ಲಿ ಕಟ್ಟಿ, ಎರಡೂ ಕೈಯಲ್ಲಿ ಧಣಿಗೆ ಚಾಚಿದಳು. ಬೊಬ್ಬೆ ಒಡೆದ ಕೈಗಳು.

"ನಿನ್ನ ಪಾಲು ಎಲ್ಲಿ?" ಎಂದು ಧಣಿ ಕೇಳಿದರು. ಬೇರೇನು ಕೇಳಬೇಕೆಂದು ಅವರಿಗೆ ತೋಚಿರಲಿಕ್ಕಿಲ್ಲ.

"ನನ್ನದು ಹೋದ ವರ್ಷವೇ ತಿಂದಾಗಿದೆ."

ಅಳಿಯ ತನ್ನ ತುಂಡನ್ನು ಕಾಲಿನಿಂದ ಒದ್ದು ಕೆರೆಗೆ ದೂಡಿದ. ಆಳುಗಳ ನಗು ನಿಂತುಹೋಯಿತು. ಒಬ್ಬ ದೈವದ ಹೆಸರು ಹೇಳಿ ಕೈ ಮುಗಿದ. ಅದರ ನಂತರ ಅಳಿಯನ ಜೊತೆ ಬೇಟೆಗೆ ಯಾವ ಆಳೂ ಹೋಗಲಿಲ್ಲ. ಧಣಿ ತಮ್ಮ ಪಾಲು ತೆಗೆದುಕೊಂಡರು. ನಮ್ಮನ್ನು ಗದ್ದೆಯಿಂದ ಎಬ್ಬಿಸಿಯಾರು ಎಂದು ನಾನು ಹೆದರಿದೆ. ಎಬ್ಬಿಸಲಿಲ್ಲ. ಎಬ್ಬಿಸಿದರೆ ಕಾರಣ ಹೇಳಬೇಕಾಗುತ್ತಿತ್ತು.

ಕೆಲವು ವರ್ಷಗಳ ಮೇಲೆ ಧಣಿ ಹಾಸಿಗೆ ಹಿಡಿದರು. ಮಿಲ್ಲಿನ ಬೀಗದ ಕೈ ಕೊಡಲು ಹೋದ ನನಗೆ ಅವರು ಅಡುಗೆಮನೆಯ ಕಡೆ ನೋಡಲು ಹೇಳಿದರು. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಹಿಡಿದ ಒಂದು ಮರದ ತುಂಡು. ಅದರಲ್ಲಿ ಅದೇ ಕೆಂಪು ದಾರ. ಬೇಯಿಸಲಾಗದು, ಬಿಸಾಡಲಾಗದು, ಸುಡಲಾಗದು.

"ನಿನ್ನ ಅಕ್ಕನಿಗೆ ಹೇಳು, ಅದನ್ನು ವಾಪಸು ಕೊಂಡುಹೋಗ್ಲಿ. ನಾನು ಕೇಳಿದೆ ಅಂತ ಹೇಳು," ಎಂದರು. ಅವರ ದನಿಯಲ್ಲಿ ಗತ್ತು ಇರಲಿಲ್ಲ. ನನಗೆ ಕನಿಕರ ಬಂತು.

ಮನೆಗೆ ಬಂದು ಹೇಳಿದೆ. ಅಕ್ಕ ಅಂಗಳದಲ್ಲಿ ಕೂತು ಭೂತಾಯಿ ಮೀನು ಶುಚಿ ಮಾಡುತ್ತಿದ್ದಳು. ಕೈ ನಿಲ್ಲಿಸಲಿಲ್ಲ, ತಲೆಯೂ ಎತ್ತಲಿಲ್ಲ.

"ಹೌದಾ," ಎಂದಳು. "ಇನ್ನೂ ಬೆಂದಿಲ್ಲವಂತಾ?"